ಸ್ಟೇರಿಂಗ್ ನಡುಗಿದರೆ ಮೊದಲು ಓಡಿಸಿ ನೋಡಿ

ಮಾನ್ಯ ಸಂಪಾದಕರೇ,

ಹಳೆ ಕಾರಿನ ಸ್ಟೇರಿಂಗ್ ನಡುಗುತ್ತದೆ ಅಂತ ಗ್ಯಾರೇಜಿಗೆ ಹೋದರೆ, ಓಡಿಸಿ ನೋಡದೆಯೇ ಪಾರ್ಟ್ ಬದಲಿಸುವ ಅನುಭವ ನನಗಾಗಿದೆ. ಬೇರೆಯವರಿಗೂ ಆಗಿರಬಹುದು ಅಂತ ಬರೆಯುತ್ತಿದ್ದೇನೆ.

ನಮ್ಮದು 2008ರ ಸಣ್ಣ ಪೆಟ್ರೋಲ್ ಕಾರು, ಮನೆ ಕುಮಟಾದಲ್ಲಿ. ಕಳೆದ ಮಳೆಗಾಲ ಮುಗಿದ ಮೇಲೆ ಅಮ್ಮನನ್ನು ತಪಾಸಣೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಹೊನ್ನಾವರದ ಶರಾವತಿ ಸೇತುವೆ ದಾಟಿ ಸ್ಪೀಡು 75 ಆಗುತ್ತಿದ್ದ ಹಾಗೆ ಸ್ಟೇರಿಂಗ್ ಕೈಯಲ್ಲಿ ಗಡಗಡ ಅದುರಿತು. 60ಕ್ಕೆ ಇಳಿಸಿದರೆ ಏನೂ ಇಲ್ಲ. ಪಕ್ಕದಲ್ಲಿ ಕೂತ ಅಮ್ಮ ನನ್ನ ಕೈ ನೋಡಿ "ತಮಾ, ಗಾಡಿ ಎಂತಕ್ಕೆ ನಡುಗ್ತು?" ಅಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಅವತ್ತು ಹೋಗಿ ಬರುವವರೆಗೂ 60 ದಾಟಲಿಲ್ಲ.

ಊರಿಗೆ ಬಂದು ಒಂದು ಗ್ಯಾರೇಜಿಗೆ ಬಿಟ್ಟೆ. "ಹಳೆ ಗಾಡಿ, ಲೋವರ್ ಆರ್ಮ್ ಹೋಗಿದೆ" ಅಂದರು. ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ತೋಳು ಅದು. ಎರಡೂ ಕಡೆ ಲೋವರ್ ಆರ್ಮ್, ಸ್ಟೇರಿಂಗಿಗೂ ಚಕ್ರಕ್ಕೂ ಕೊಂಡಿಯಾದ ಟೈ ರಾಡ್ ಎಂಡ್ ಹಾಕಿ 7,400 ರೂಪಾಯಿ ಬಿಲ್ ಕೊಟ್ಟರು. ನಡುಕ ಹಾಗೇ ಇತ್ತು. ಇನ್ನೊಂದು ಕಡೆ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡಿಸಿದೆ, ಆಗಲೂ ಹಾಗೇ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಕಡೆ ಎಳೆಯುತ್ತದೆ, ಟೈರು ಒಂದೇ ಬದಿ ಸವೆಯುತ್ತದೆ. ಇಂಥ ನಡುಕಕ್ಕೆ ಮೊದಲು ನೋಡಬೇಕಾದದ್ದು ವೀಲ್ ಬ್ಯಾಲೆನ್ಸಿಂಗ್, ಅಂದರೆ ಚಕ್ರದ ತೂಕ ಸುತ್ತಲೂ ಸಮ ಮಾಡುವುದು. ಎರಡೂ ಬೇರೆ ಬೇರೆ ಕೆಲಸ ಅಂತ ದುಡ್ಡು ಕೊಟ್ಟ ಮೇಲೆ ತಿಳಿಯಿತು.

ಕೊನೆಗೆ ಶಿರಸಿಯ ಒಬ್ಬ ವಯಸ್ಸಾದ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಪಾನಾ ಮುಟ್ಟಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು "ಮಾಸ್ತರ್ರೇ, ಹುಬ್ಬಳ್ಳಿ ರಸ್ತೇಲಿ ಸ್ವಲ್ಪ ಓಡಿಸಿ" ಅಂದರು. ಎಷ್ಟು ಸ್ಪೀಡಿಗೆ ಶುರುವಾಗ್ತದೆ? ಬ್ರೇಕ್ ಒತ್ತಿದರೆ ಜಾಸ್ತಿ ಆಗ್ತದಾ? ಆಕ್ಸಿಲರೇಟರ್ ಬಿಟ್ಟರೆ ನಿಲ್ತದಾ? ಸ್ಟೇರಿಂಗ್ ನಡುಗ್ತದಾ, ಸೀಟು ನಡುಗ್ತದಾ? ಈ ನಾಲ್ಕು ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಒಂದೇ ಸ್ಪೀಡಿಗೆ ಬಂದು ಹೋಗುವ ನಡುಕ ಹೆಚ್ಚಾಗಿ ಚಕ್ರದ್ದು ಅಥವಾ ಟೈರಿನದ್ದು. ಸ್ಟೇರಿಂಗ್ ಅದುರಿದರೆ ಮುಂದಿನದು, ಸೀಟು ಅದುರಿದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆ. ಆಕ್ಸಿಲರೇಟರ್ ಒತ್ತಿದಾಗ ಬಂದು, ಬಿಟ್ಟಾಗ ನಿಂತರೆ ಇಂಜಿನ್ ಕಡೆಯಿಂದ ಚಕ್ರಕ್ಕೆ ಶಕ್ತಿ ಒಯ್ಯುವ ಆಕ್ಸಲಿನ ಒಳತುದಿಯ ಜಾಯಿಂಟ್ ನೋಡಬೇಕು. ಪೂರ್ತಿ ತಿರುಗಿಸುವಾಗ ಕಟಕಟ ಅಂದರೆ ಅದರ ಹೊರತುದಿಯ ಜಾಯಿಂಟ್. ನಿಂತಲ್ಲೇ ನಡುಗಿದರೆ ಇಂಜಿನ್ ಕೂರಿಸುವ ಮೌಂಟಿಂಗ್ ನೋಡಿ ಅಂತ ಹೇಳಿದರು. ನಮ್ಮ ಕಾರಿಗೆ ಎರಡು ತೊಂದರೆ ಒಟ್ಟಿಗೇ ಇದ್ದವು.

ಜಾಕ್ ಏರಿಸಿ ಎಡಗಡೆಯ ಚಕ್ರ ಬಿಚ್ಚಿದರು. ರಿಮ್ಮಿನ ಒಳಬದಿಯಲ್ಲಿ, ಒಂದೇ ಕಡೆ, ಕೆಂಪು ಮಣ್ಣು ಇಟ್ಟಿಗೆ ಹಾಗೆ ಒಣಗಿ ಕೂತಿತ್ತು. ಕುಮಟಾ-ಶಿರಸಿ ನಡುವಿನ ದೇವಿಮನೆ ಘಟ್ಟದಲ್ಲಿ ರಸ್ತೆ ಕೆಲಸ ನಡೆಯುವಾಗ ಮೆತ್ತಿಕೊಂಡ ಮಣ್ಣು. ಕಾರು ತೊಳೆಸಿದ್ದೆ, ಹೊರಗಿನಿಂದ ಚೊಕ್ಕವಾಗಿಯೇ ಇತ್ತು. ಸ್ಕ್ರೂ ಡ್ರೈವರಿನಿಂದ ಕೆತ್ತಿದಾಗ ಎರಡು ಹೆಂಟೆ ಕೆಳಗೆ ಬಿತ್ತು. ಬ್ಯಾಲೆನ್ಸಿಂಗಿಗೆ ಹೊಡೆಯುವ ತೂಕದ ತುಂಡು 10 ಗ್ರಾಂ, 20 ಗ್ರಾಂ ಇರುತ್ತದೆ. ಅಷ್ಟರಲ್ಲೇ ವ್ಯತ್ಯಾಸ ಗೊತ್ತಾಗುವಾಗ ಆ ಹೆಂಟೆಗಳು ಸುಮ್ನೆ ಬಿಡುತ್ತವೆಯೇ?

ಎರಡನೆಯದು ಡಿಸ್ಕ್. ಮಳೆಗಾಲದಲ್ಲಿ ಎರಡು ತಿಂಗಳು ಕಾರು ಅಂಗಳದಲ್ಲೇ ನಿಂತಿತ್ತು. ಕರಾವಳಿಯ ಉಪ್ಪುಗಾಳಿ, ಮೇಲಿಂದ ಆ ಮಳೆ. ಡಿಸ್ಕನ್ನು ಅದುಮುವ ಪ್ಯಾಡ್ ಕೂತಿದ್ದ ಜಾಗದಲ್ಲಿ ಅದರ ಮೇಲೆ ತುಕ್ಕಿನ ಅಚ್ಚು ಬಿದ್ದಿತ್ತು, ಬೆರಳಿಟ್ಟರೆ ಏರುಪೇರು ತಿಳಿಯುತ್ತಿತ್ತು. ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಒದೆಯುತ್ತಿದ್ದುದು ಇದರಿಂದಲೇ. ಡಿಸ್ಕ್ ಎಷ್ಟು ತೆಳ್ಳಗಾಗಬಹುದು ಅಂತ ಅದರ ಮೇಲೇ ಅಚ್ಚು ಹಾಕಿತ್ತು. ಅಳತೆ ನೋಡಿದರು, ಇನ್ನೂ ದಪ್ಪ ಇತ್ತು. ಲೇತಿನಲ್ಲಿ ಸಮ ಮಾಡಿಸಿ ಹಾಕಿದರು. ಬ್ಯಾಲೆನ್ಸಿಂಗ್ ಸೇರಿ 1,350 ರೂಪಾಯಿ ಆಯಿತು. ವಾಪಸ್ ಘಟ್ಟ ಇಳಿದು ಬರುವಾಗ ಎಲ್ಲೂ ಅದುರಲಿಲ್ಲ.

ಲೋವರ್ ಆರ್ಮ್ ಬೇಡದ ವಸ್ತು ಅಂತ ನಾನು ಹೇಳುತ್ತಿಲ್ಲ. ಅದರ ತುದಿಯ ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಮಗುಚುತ್ತದೆ. ಆದರೆ ಅದಕ್ಕೂ ಪರೀಕ್ಷೆ ಇದೆಯಲ್ಲ! ಜಾಕ್ ಏರಿಸಿ ಚಕ್ರದ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಬೇರಿಂಗ್, ಬಾಲ್ ಜಾಯಿಂಟ್ ಸಡಿಲವೋ ಅಂತ ತಿಳಿಯುತ್ತದೆ. ಎಡ ಬಲ ಹಿಡಿದು ಅಲುಗಾಡಿಸಿದರೆ ಟೈ ರಾಡ್. ಎರಡು ನಿಮಿಷದ ಕೆಲಸ. ನನಗೆ ಹಳೆ ಪಾರ್ಟ್ ವಾಪಸ್ ಕೊಡಲೇ ಇಲ್ಲ, ಹಾಗಾಗಿ ನಿಜಕ್ಕೂ ಹಾಳಾಗಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಓದುಗರು ಟೈರನ್ನೂ ನೋಡಿಕೊಳ್ಳಿ. ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಗುಳ್ಳೆ ಎದ್ದಿದ್ದರೆ ದಯವಿಟ್ಟು ಅದರಲ್ಲಿ ಘಟ್ಟ ಇಳಿಯಬೇಡಿ.

ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆ ಬಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿಗೇ ಓಡಬೇಕು. ಎಷ್ಟೋ ಮನೆಯಲ್ಲಿ ಅದಕ್ಕೆ ಇರುವುದು ಇಂಥ ಹಳೆ ಕಾರೇ. ಅದಕ್ಕೇ ಗ್ಯಾರೇಜಿನವರಲ್ಲಿ ಕೇಳಿಕೊಳ್ಳುವುದು ಇಷ್ಟು: ಬಿಚ್ಚುವ ಮೊದಲು ಗಾಡಿಯವರ ಜೊತೆ ಒಂದು ಸುತ್ತು ಹೋಗಿ ಬನ್ನಿ, ಬದಲಿಸಿದ ಪಾರ್ಟ್ ಅವರ ಕೈಗೇ ಕೊಡಿ. ಇನ್ನು ಜಿಲ್ಲೆಯ ಐಟಿಐಗಳು ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಹಳೆ ಕಾರುಗಳ ತಪಾಸಣೆ ಇಟ್ಟುಕೊಂಡರೆ ಮಕ್ಕಳಿಗೂ ಕೆಲಸ ಕಲಿತ ಹಾಗಾಗುತ್ತದೆ. ನಮ್ಮ ಕಾರನ್ನು ಮೊದಲು ನಾನೇ ತಂದು ನಿಲ್ಲಿಸುತ್ತೇನೆ.

ಇಂತಿ,
ಒಬ್ಬ ಶಿಕ್ಷಕ, ಕುಮಟಾ