ಕಳೆದುಹೋದ ಎಂಟು ಹಾಳೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಲ್ಲಿ "ಅಪ್ಪಾ, ಅಲ್ಲಿ ನಿಜವಾಗ್ಲೂ ಥಾರ್‌ಗೆ ಪೂಜೆ ಮಾಡ್ತಾರಾ, ನೀನೂ ಕೈ ಮುಗಿದ್ಯಾ?" ಅಂತ ಕೇಳಿ ನಕ್ಕೆಯಲ್ಲ, ಆಗ ಹೋಟೆಲ್ ಅಡುಗೆಮನೆಯಲ್ಲಿ ಈರುಳ್ಳಿ ರಾಶಿ ಮುಂದೆ ನಿಂತಿದ್ದೆ, ಸರಿಯಾಗಿ ಹೇಳಲು ಆಗಲಿಲ್ಲ. ಇವತ್ತು ರಜೆ. ಕೂತು ಬರೆಯುತ್ತಿದ್ದೇನೆ.

ಮಾಡ್ತಾರೆ. ಸಿನಿಮಾದ ಥಾರ್‌ಗಲ್ಲ, ಐಸ್‌ಲ್ಯಾಂಡ್‌ನವರ ಹಳೇ ಧರ್ಮದ ಥಾರ್‌ಗೆ, ಕೈಯಲ್ಲಿ ಸುತ್ತಿಗೆ ಹಿಡಿದ ಗುಡುಗಿನ ದೇವರು. ನಮ್ಮಲ್ಲಿ ಪಾತ್ರೆ ತೊಳೆಯುವ ಹುಡುಗನ ಕೊರಳಲ್ಲಿ ಒಂದು ಪುಟ್ಟ ಬೆಳ್ಳಿ ಸುತ್ತಿಗೆ ಇದೆ, ಅವನೇ ನನ್ನನ್ನು ಪೂಜೆಗೆ ಕರೆದುಕೊಂಡು ಹೋದ. ಏಪ್ರಿಲ್‌ನಲ್ಲಿ ಇಲ್ಲಿ 'ಬೇಸಿಗೆಯ ಮೊದಲ ದಿನ' ಅಂತ ಸರ್ಕಾರಿ ರಜೆ, ಯಾವಾಗಲೂ ಗುರುವಾರವೇ. ಬೇಸಿಗೆ ಅನ್ನೋದು ಹೆಸರಿಗೆ ಮಾತ್ರ, ನಾನು ಎರಡು ಸ್ವೆಟರ್ ಹಾಕಿದ್ದೆ.

ಗುರುವಾರ ಅಂದ ಕೂಡಲೇ ಒಂದು ತಮಾಷೆ ನೆನಪಾಯಿತು. ಇಂಗ್ಲಿಷಿನ ಥರ್ಸ್‌ಡೇ ಅಂದರೆ ಥಾರ್‌ನ ದಿನ, ನಮ್ಮಲ್ಲಿ ಅದು ಗುರು ಗ್ರಹದ ದಿನ, ರೋಮನ್ನರಿಗೂ ಅದೇ ಗ್ರಹದ್ದು. ಥಾರ್‌ನ ಕಥೆಗಳನ್ನೆಲ್ಲ ಉಳಿಸಿಕೊಂಡ ಈ ಐಸ್‌ಲ್ಯಾಂಡ್‌ನಲ್ಲಿ ಮಾತ್ರ ಅದಕ್ಕೆ 'ಐದನೇ ದಿನ' ಅನ್ನುತ್ತಾರೆ! ಹಳೇ ದೇವರ ಹೆಸರು ಬೇಡ ಅಂತ ಹಿಂದೆ ಒಬ್ಬ ಬಿಷಪ್ ವಾರದ ಹೆಸರುಗಳನ್ನೇ ಬದಲಾಯಿಸಿದನಂತೆ.

ಇವರ ಪೂಜೆಗೆ ಬ್ಲೋಟ್ ಅಂತ ಹೆಸರು. ನಡೆಸುವ ಹಿರಿಯನನ್ನು 'ಗೋದಿ' ಅನ್ನುತ್ತಾರೆ, ಮೊದಲ ಸಲ ಕೇಳಿದಾಗ ನನಗೆ ಚಪಾತಿ ನೆನಪಾಯಿತು. ಬಯಲಲ್ಲಿ ಬೆಂಕಿ ಹಾಕಿ ಸುತ್ತ ನಿಂತೆವು. ಗೋದಿ ಹಳೇ ಪದ್ಯ ಹೇಳಿದ. ಆಮೇಲೆ ಒಂದು ದೊಡ್ಡ ಕೊಂಬಿನಲ್ಲಿ ಪಾನೀಯ ತುಂಬಿ ಕೈಯಿಂದ ಕೈಗೆ ಕೊಟ್ಟರು, ಸಿಕ್ಕವರು ಅದನ್ನು ಎತ್ತಿ ಒಬ್ಬ ದೇವರನ್ನೋ, ಈ ನೆಲದ ಕಾವಲು ಶಕ್ತಿಗಳನ್ನೋ, ತೀರಿಕೊಂಡ ಅಜ್ಜನನ್ನೋ ನೆನೆದು ಒಂದು ಗುಟುಕು ಕುಡಿಯಬೇಕು. ಹಿಂದಿನ ಕಾಲದಲ್ಲಿ ಪ್ರಾಣಿ ಬಲಿ ಇತ್ತು, ಈಗ ಇಲ್ಲ. ಊಟ ಇದೆ. ನನ್ನ ಕೈಗೆ ಕೊಂಬು ಬಂದಾಗ ಏನೂ ಹೊಳೆಯದೆ ನಿನ್ನ ಅಜ್ಜನ ಹೆಸರು ಹೇಳಿದೆ. ಯಾರೂ ಏನೂ ಕೇಳಲಿಲ್ಲ.

ಹೋಗುವ ಮೊದಲು ಅಳುಕಿತ್ತು, ಸುಳ್ಳು ಹೇಳಲ್ಲ. 2021ರ ಜನವರಿ 6ಕ್ಕೆ ಅಮೆರಿಕದ ಸಂಸತ್ತಿಗೆ ನುಗ್ಗಿದವರಲ್ಲಿ ಕೊಂಬಿನ ಟೋಪಿಯವನ ಮೈಮೇಲೆ ಇದೇ ಸುತ್ತಿಗೆಯ ಹಚ್ಚೆ ಇತ್ತು. ಬಿಳಿ ಜನಾಂಗವೇ ಮೇಲು ಅನ್ನುವ ಗುಂಪುಗಳು ಈ ದೇವರುಗಳನ್ನು ತಮ್ಮ ಸ್ವಂತ ಆಸ್ತಿ ಮಾಡಿಕೊಂಡಿವೆ. ಇಲ್ಲಿ ಈ ಪೂಜೆ ನಡೆಸುವ ಸಂಘ ಅಂಥವರನ್ನು ಹತ್ತಿರ ಸೇರಿಸುವುದಿಲ್ಲ. ಗಂಡು ಗಂಡಿಗೆ, ಹೆಣ್ಣು ಹೆಣ್ಣಿಗೆ ಮದುವೆ ಮಾಡಿಸುತ್ತಾರೆ ಅಂತ ಇವರಿಗೇ ಹೊರದೇಶಗಳಿಂದ ಬೈಗುಳದ ಪತ್ರಗಳು ಬಂದಿದ್ದವು.

ನನಗೆ ತಲೆಯಲ್ಲಿ ಕೂತದ್ದು ಬೇರೆಯೇ. 1000ನೇ ಇಸವಿಯ ಸುಮಾರಿಗೆ ಇವರ ಸಭೆಯಲ್ಲಿ ಹಳೇ ಧರ್ಮವೋ ಕ್ರೈಸ್ತ ಧರ್ಮವೋ ಅಂತ ಜಗಳ ಹತ್ತಿತು. ತೀರ್ಪು ಹೇಳಬೇಕಾದ ಥೋರ್ಗೇರ್ ಅನ್ನುವವನು, ತಾನೇ ಹಳೇ ಧರ್ಮದವನು, ಒಂದು ಹಗಲು ಒಂದು ರಾತ್ರಿ ಕಂಬಳಿ ಹೊದ್ದು ಸುಮ್ನೆ ಮಲಗಿದ್ದು, ಎದ್ದು ಬಂದು ಎಲ್ಲರೂ ಕ್ರೈಸ್ತರಾಗಿ ಅಂದ. ಮನೆಯೊಳಗೆ ಗುಟ್ಟಾಗಿ ಹಳೇ ಪೂಜೆ ಮಾಡಿಕೊಳ್ಳಬಹುದಿತ್ತು, ಸ್ವಲ್ಪ ಕಾಲದಲ್ಲಿ ಅದೂ ಹೋಯಿತು. ಅಲ್ಲಿಗೆ ದಾರ ಕಡಿಯಿತು ನೋಡು. ಅಜ್ಜಿಯಿಂದ ಮೊಮ್ಮಗಳಿಗೆ ಬರುವ ದಾರ.

ಹಳೇ ಪೂಜೆ ಮತ್ತೆ ಶುರು ಮಾಡೋಣ ಅಂತ ಈ ಸಂಘ ಕಟ್ಟಿದ್ದು 1972ರಲ್ಲಿ, ಅದೂ ಬೇಸಿಗೆಯ ಮೊದಲ ದಿನವೇ. ಮುಂದಾಳು ಸ್ವೇನ್‌ಬ್ಯೋರ್ನ್ ಬೇನ್‌ಟೇನ್ಸನ್, ಕುರಿ ಸಾಕುವ ರೈತ, ಹಳೇ ಧಾಟಿಯಲ್ಲಿ ಪದ್ಯ ಹಾಡುವವನು, ಉದ್ದ ಬಿಳಿ ಗಡ್ಡ. 1973ರಲ್ಲಿ ಸರ್ಕಾರ ಮಾನ್ಯತೆ ಕೊಟ್ಟಿತು. ಈಗ ಸದಸ್ಯರು ಐದು ಸಾವಿರ ದಾಟಿದ್ದಾರೆ, ನಾಲ್ಕು ಲಕ್ಷದಷ್ಟು ಜನರ ದೇಶದಲ್ಲಿ ಅದು ಕಡಿಮೆಯೇನಲ್ಲ. ಎಂಟು ಕಾಲಿನ ಕುದುರೆ ಮೇಲೆ ಒಕ್ಕಣ್ಣ ದೇವರು ಓಡಾಡುತ್ತಾನೆ ಅಂತ ಯಾರೂ ನಂಬಲ್ಲ, ಅದು ಕಾವ್ಯದ ಮಾತು ಅಂತ ಈಗಿನ ಮುಖ್ಯಸ್ಥರೇ ಹೇಳಿದ್ದಾರೆ.

ಆದರೆ ಪೂಜೆ ಹೇಗೆ ಅಂತ ಹೇಳಿಕೊಡುವವರು ಯಾರೂ ಉಳಿದಿರಲಿಲ್ಲ. ಪುಸ್ತಕ ನೋಡಿ ಕಟ್ಟಿಕೊಂಡರು, ಆ ಪುಸ್ತಕ ಬರೆದವರೂ ಕ್ರೈಸ್ತರೇ. ದೇವರ ಹಾಡುಗಳಿರುವ ಮುಖ್ಯ ಹಸ್ತಪ್ರತಿ 1270ರ ಸುಮಾರಿನದು, ನಿನ್ನ ನೋಟ್‌ಬುಕ್‌ಗಿಂತ ದೊಡ್ಡದಲ್ಲ. ಮುನ್ನೂರು ವರ್ಷ ಡೆನ್ಮಾರ್ಕ್‌ನಲ್ಲಿತ್ತು. 1971ರಲ್ಲಿ ಹಡಗಿನಲ್ಲಿ ವಾಪಸ್ ಬಂದಾಗ ಸಾವಿರಾರು ಜನ ಬಂದರಿನಲ್ಲಿ ಕಾದಿದ್ದರು. 45 ಹಾಳೆ ಇವೆ. ನಡುವೆ ಎಂಟು ಹಾಳೆ ಇಲ್ಲ. ಅದರಲ್ಲಿದ್ದ ಕಥೆಯನ್ನು ಬೇರೆ ಕಡೆಯಿಂದ ಹುಡುಕಿದ್ದಾರೆ, ಹಾಡಿನ ಪದಗಳು ಹೆಚ್ಚುಕಡಿಮೆ ಹೋದ ಹಾಗೇ.

ಅಕ್ಟೋಬರ್‌ನಲ್ಲಿ ಇವರಿಗೆ ಚಳಿಗಾಲದ ಮೊದಲ ದಿನದ ಬ್ಲೋಟ್, ನಮಗೆ ಭೂಮಿ ಹುಣ್ಣಿಮೆಯೂ ಹೆಚ್ಚುಕಡಿಮೆ ಆಗಲೇ. ಕಳೆದ ಸಲ ಊರಿಗೆ ಬಂದಾಗ ಗದ್ದೆಯಲ್ಲಿ ಚರಗ ಚೆಲ್ಲಿದೆನಲ್ಲ, ನಿನ್ನ ಅಜ್ಜ ಹೇಳುತ್ತಿದ್ದ ಮಾತು ನನಗೆ ಅರ್ಧವೇ ಬಂದದ್ದು. ಮಿಕ್ಕಿದ್ದನ್ನು ಬಾಯಲ್ಲೇ ಗೊಣಗಿದೆ, ಕತ್ತಲಲ್ಲಿ ನಿನಗೆ ಗೊತ್ತಾಗಿರಲ್ಲ. ಅಜ್ಜಿಗೆ ಅದು ಪೂರ್ತಿ ಬರುತ್ತೆ, ಬುಟ್ಟಿಗೆ ಚಿತ್ತಾರ ಬರೆಯುವಾಗ ಗುನುಗುವ ಹಾಡೂ ಬರುತ್ತೆ. ಕೇಳಿ ಬರೆದುಕೋ. "ಅದೆಂತ ಬರ್ಕಳದು, ಹೋಗೆ" ಅನ್ನುತ್ತಾಳೆ, ಬಿಡಬೇಡ. ಫೋನಲ್ಲಿ ರೆಕಾರ್ಡ್ ಮಾಡಿದರೂ ಆಯಿತು, ಆಗ ಮಿಕ್ಸಿ ಮಾತ್ರ ಹಾಕಬೇಡ.

ನಿನ್ನ ಅಪ್ಪ