ಮಂಡಕ್ಕಿ ಭಟ್ಟಿಯ ಗಾಳಿ ಅಳೆಯಲು ನೆರವಾದವರಿಗೆ

ಲೇಸರ್ ಬೆಳಕಿನ ಹೀರಿಕೆಯ ಮೂಲಕ ಗಾಳಿಯಲ್ಲಿನ ಕಾರ್ಬನ್ ಮೊನಾಕ್ಸೈಡನ್ನು ಅಳೆಯುವ ನನ್ನ ಪಿಎಚ್.ಡಿ. ಸಂಶೋಧನೆ ಕಳೆದ ವಾರದ ಮೌಖಿಕ ಪರೀಕ್ಷೆಯೊಂದಿಗೆ ಮುಗಿದಿದೆ. ಮಹಾಪ್ರಬಂಧದ ಮೊದಲ ಪುಟಗಳಲ್ಲಿ ಜಾಗ ಸಾಲದ್ದರಿಂದ ದಾವಣಗೆರೆಯ ಕೆಲವರ ಋಣವನ್ನು ಇಲ್ಲಿ ನೆನೆಯುತ್ತಿದ್ದೇನೆ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ನಗರಗಳಿದ್ದು, ನಮ್ಮೂರೂ ಅವುಗಳಲ್ಲೊಂದು. ಅಲ್ಲಿ ಮಾತೆಲ್ಲ ಹೆಚ್ಚಾಗಿ ದೂಳಿನ ಕಣಗಳದ್ದು. ಭಟ್ಟಿಯ ಬಾಯಿಯ ಮುಂದೆ ನಿಂತು ದುಡಿಯುವವರು ಉಸಿರಾಡುವ, ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲವನ್ನೇಕೆ ಅಳೆಯಬಾರದು ಎಂದು ಕೇಳಿ ದಾರಿ ತೋರಿದ ನನ್ನ ಮಾರ್ಗದರ್ಶಕರಿಗೆ ಮೊದಲ ನಮನ.

ಕಾರ್ಬನ್ ಮೊನಾಕ್ಸೈಡ್ 2.33 ಮೈಕ್ರೋಮೀಟರ್ ತರಂಗಾಂತರದ ಆಸುಪಾಸಿನ ಅವಕೆಂಪು ಬೆಳಕನ್ನು ಹೀರುತ್ತದೆ. ನಮ್ಮ ದೇಶದ ಮಾನದಂಡದಂತೆ ಹೊರಗಿನ ಗಾಳಿಯಲ್ಲಿ ಇದರ ಎಂಟು ಗಂಟೆಗಳ ಸರಾಸರಿ ಘನ ಮೀಟರಿಗೆ 2 ಮಿಲಿಗ್ರಾಂ ಮೀರಬಾರದು. ಅಷ್ಟು ಅನಿಲವಿರುವ ಗಾಳಿಯಲ್ಲಿ ಬೆಳಕು 30 ಮೀಟರ್ ಸಾಗಿದರೂ ಕಡಿಮೆಯಾಗುವುದು ಸಾವಿರಕ್ಕೆ ಒಂದೆರಡು ಪಾಲು ಮಾತ್ರ. ಮೇಜಿನ ಮೇಲೆ ಅಷ್ಟು ದೂರ ಸಿಗಬೇಕಾದರೆ ಎದುರುಬದುರಾದ ಎರಡು ನಿಮ್ನ ಕನ್ನಡಿಗಳ ನಡುವೆ ಕಿರಣ ಹತ್ತಾರು ಸಲ ಓಡಾಡಬೇಕು. ಆ ಕನ್ನಡಿಗಳನ್ನು ಹಿಡಿದಿಡುವ, ಗಾಳಿ ಸೋರದ ಕೊಳವೆಯನ್ನು ಮಾಡಿಕೊಟ್ಟವರು ಪಿ.ಬಿ. ರಸ್ತೆಯ ಲೇತ್ ಮೇಸ್ತ್ರಿಯೊಬ್ಬರು. ನನ್ನ ನಕ್ಷೆಯಲ್ಲಿದ್ದ ತೆಳುವಾದ ಮುಚ್ಚಳ ಬೋಲ್ಟ್ ಬಿಗಿದಾಗ ಬಾಗುತ್ತದೆಂದು ಹೇಳಿ ತಾವೇ ದಪ್ಪ ಹೆಚ್ಚಿಸಿದರು. ಅವಕೆಂಪು ಕಿರಣ ಕಣ್ಣಿಗೆ ಕಾಣದ ಕಾರಣ ಮೊದಲು ಅದೇ ದಾರಿಯಲ್ಲಿ ಕೆಂಪು ಲೇಸರನ್ನು ಹಾಯಿಸುತ್ತೇವೆ. ಕನ್ನಡಿಯ ಮೇಲೆ ಕೆಂಪು ಚುಕ್ಕಿಗಳು ಬಳೆಯಂತೆ ಸುತ್ತುಗಟ್ಟಿದ್ದನ್ನು ನೋಡಲು ಅವರು ಅಂಗಡಿಯ ಬಾಗಿಲು ಹಾಕಿ ಪ್ರಯೋಗಾಲಯಕ್ಕೆ ಬಂದಿದ್ದರು. ಪರೀಕ್ಷಕರ ಮೆಚ್ಚುಗೆಗಿಂತ ಅದು ನನಗೆ ದೊಡ್ಡದು.

ಭತ್ತ ಹುರಿಯುವಲ್ಲಿ ಆವಿ ಹೆಚ್ಚು, ನೀರಾವಿಯ ಹೀರಿಕೆಯ ರೇಖೆಗಳೂ, ಅಂದರೆ ಅದು ಬೆಳಕು ಹೀರುವ ತರಂಗಾಂತರಗಳೂ, ಹತ್ತಿರದಲ್ಲೇ ಇವೆ. ಕೊಳವೆಯೊಳಗಿನ ಒತ್ತಡ ತಗ್ಗಿಸಿದರೆ ರೇಖೆಗಳು ಸಪೂರವಾಗಿ ಬೇರ್ಪಡುತ್ತವೆ. ಅದಕ್ಕೆ ಬೇಕಾದ ಪಂಪನ್ನು ಬಿಚ್ಚಿ ಜೋಡಿಸುತ್ತಲೇ ಇದ್ದ ಪ್ರಯೋಗಾಲಯದ ಸಹಾಯಕರಿಗೂ, ಮಸಿ ಹಿಡಿದ ಫಿಲ್ಟರ್‌ಗಳನ್ನು ತಕರಾರಿಲ್ಲದೆ ಬದಲಿಸಿದ ಕಿರಿಯ ಸಂಶೋಧಕರಿಗೂ ವಂದನೆಗಳು.

ಎಲ್ಲಕ್ಕಿಂತ ಹೆಚ್ಚು ಋಣ ಭಟ್ಟಿಯವರದು. ಹೊಗೆಯ ವಿಷಯ ಎತ್ತಿದರೆ ನೋಟಿಸು ಬಂದೀತೆಂಬ ಅವರ ಅಂಜಿಕೆ ಅಕಾರಣವಲ್ಲ. "ಆಫೀಸಿನೋರಲ್ಲ ಹೌದಲ್ರಿ?" ಎಂದು ವಿಚಾರಿಸಿದ ಹಿರಿಯರೊಬ್ಬರು, ನಾನು ವಿದ್ಯಾರ್ಥಿನಿಯೆಂದು ತಿಳಿದ ಮೇಲೆ "ಹಂಗಾರೆ ಅಳೀರಮ್ಮ, ಎಷ್ಟ್ ಬಂತು ಅಂತ ನಮಗೂ ಹೇಳ್ರಿ" ಎಂದು ತಮ್ಮ ಕರೆಂಟಿನಲ್ಲೇ ಉಪಕರಣ ನಡೆಸಲು ಬಿಟ್ಟರು. ಕಿಟಕಿ ಮುಚ್ಚಿದಾಗ ಎಷ್ಟು, ತೆರೆದಾಗ ಎಷ್ಟು ಎಂಬ ಅಂಕಿಗಳನ್ನು ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿದ್ದೇನೆ. ಯಾವ ಭಟ್ಟಿಯ ಹೆಸರೂ ಅದರಲ್ಲಿಲ್ಲ. ಮುಂದಿನ ವಾರ ಅದನ್ನು ಅವರಿಗೇ ತಲುಪಿಸಿ, ಓದಿ ಹೇಳಲಿದ್ದೇನೆ.