ಗ್ರೀನ್ ಟೀ ಬರಹದಲ್ಲಿ ಈ ನಾಲ್ಕು ಸಾಲೂ ಇರಲಿ

ಮಾನ್ಯ ಸಂಪಾದಕರೇ,

ಗ್ರೀನ್ ಟೀ ಕುಡಿದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ, ಶೀತ ಜ್ವರ ಹತ್ತಿರ ಸುಳಿಯುವುದಿಲ್ಲ ಎನ್ನುವ ಬರಹಗಳು ಆರೋಗ್ಯ ಪುಟಗಳಲ್ಲಿ ಆಗಾಗ ಬರುತ್ತವೆ. ನಾನು ಫಾರ್ಮಸಿಸ್ಟ್. ಅಂಥ ಬರಹ ಓದಿದವರು ಕೌಂಟರಿಗೆ ಬಂದು ಏನೇನು ಕೇಳುತ್ತಾರೆ ಎಂದು ಗೊತ್ತಿರುವುದರಿಂದ ಈ ಪತ್ರ.

ಗ್ರೀನ್ ಟೀ ಬಗ್ಗೆ ನನಗೆ ತಕರಾರಿಲ್ಲ, ಇಷ್ಟಪಟ್ಟೇ ಕುಡಿಯುತ್ತೇನೆ. ಮಾಮೂಲಿ ಟೀ ಪುಡಿಯೂ ಇದೂ ಒಂದೇ ಗಿಡದ ಎಲೆ. ಗ್ರೀನ್ ಟೀಗಾದರೆ ಎಲೆ ಕಿತ್ತ ಸ್ವಲ್ಪ ಹೊತ್ತಿಗೇ ಹಬೆ ಕೊಡುತ್ತಾರೆ ಅಥವಾ ಬಾಣಲೆಯಲ್ಲಿ ಬಿಸಿ ಮಾಡುತ್ತಾರೆ. ಹಾಗಾಗಿ ಎಲೆ ಕಪ್ಪಾಗುವುದಿಲ್ಲ, ಕ್ಯಾಟೆಚಿನ್ ಎಂಬ ಅಂಶಗಳು ಜಾಸ್ತಿ ಉಳಿಯುತ್ತವೆ. ಅವುಗಳಲ್ಲಿ ಮುಖ್ಯವಾದ ಇಜಿಸಿಜಿ, ಫ್ಲೂ ವೈರಸ್ಸನ್ನು ಪ್ರಯೋಗಾಲಯದಲ್ಲಿ ತಡೆದಿದೆ. ಜಪಾನಿನಲ್ಲಿ 40 ಸಾವಿರಕ್ಕೂ ಹೆಚ್ಚು ಜನರನ್ನು 11 ವರ್ಷ ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ಜಾಸ್ತಿ ಗ್ರೀನ್ ಟೀ ಕುಡಿಯುವವರಲ್ಲಿ ಹೃದಯ, ರಕ್ತನಾಳದ ಕಾಯಿಲೆಯಿಂದ ಸಾಯುವವರು ಕಡಿಮೆ ಇದ್ದರು. ಕ್ಯಾನ್ಸರ್ ಸಾವಿನಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಈ ಎರಡನೆಯ ಮಾತನ್ನು ಯಾರೂ ಬರೆಯುವುದೇ ಇಲ್ಲ.

ಪ್ರಯೋಗಾಲಯದ ತಟ್ಟೆಯೇ ಬೇರೆ, ಮೈಯೇ ಬೇರೆ ಅಲ್ವಾ? ನಾವು ಕುಡಿದ ಕ್ಯಾಟೆಚಿನ್‌ನಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪವೇ. ಮನುಷ್ಯರ ಮೇಲೆ ಮಾಡಿದ ಪರೀಕ್ಷೆಗಳಲ್ಲೂ ಕೆಲವು ಕಡೆ ಫ್ಲೂ ಕಡಿಮೆಯಾಯಿತು, ಕೆಲವು ಕಡೆ ಆಗಲಿಲ್ಲ. ಟೀ ಕುಡಿಯುತ್ತೇನೆ, ಇನ್ನು ಲಸಿಕೆ ಯಾಕೆ ಎಂದು ಕೇಳುವವರನ್ನು ಕಂಡಾಗ ನಿಜಕ್ಕೂ ಭಯವಾಗುತ್ತದೆ.

ಒಮ್ಮೆ ರಕ್ತ ಕಡಿಮೆಯಿದ್ದ ಹೆಂಗಸೊಬ್ಬರು ಕಬ್ಬಿಣದ ಮಾತ್ರೆ ತೆಗೆದುಕೊಳ್ಳಲು ಮತ್ತೆ ಬಂದರು. ಮುಖ ಬಿಳಿಚಿಕೊಂಡಿತ್ತು. ತಪ್ಪದೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿಲ್ಲ ಎಂದು ಚೀಟಿ ಚಾಚಿದರು. ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೀರಿ ಎಂದು ಕೇಳಿದೆ. "ಗ್ರೀನ್ ಟೀ ಜೊತೆ. ಶಕ್ತಿ ಬರುತ್ತೆ ಅಂತ ಪೇಪರಲ್ಲಿ ಓದಿದ್ದೆ" ಎಂದರು. ಅದೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಟೀಯಲ್ಲಿರುವ ಅದೇ ಕ್ಯಾಟೆಚಿನ್ ಕರುಳಿನಲ್ಲಿ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಪೂರ್ತಿಯಾಗಿ ರಕ್ತಕ್ಕೆ ಸೇರಲು ಬಿಡುವುದಿಲ್ಲ. ಸೊಪ್ಪು, ಕಾಳುಗಳಿಂದ ಸಿಗುವ ಕಬ್ಬಿಣಕ್ಕೂ ಇದೇ ಗತಿ. ಅವರು ಸುಮ್ನೆ ಒಂದು ಕೆಟ್ಟ ಚಟಕ್ಕೆ ಬಿದ್ದವರಲ್ಲ, ಒಳ್ಳೆಯದಾಗಲಿ ಎಂದೇ ಕುಡಿದವರು. ನನಗೆ ನೋವಾದದ್ದು ಅದಕ್ಕೇ.

ತೂಕ ಇಳಿಸಲು ಮಾರುವ ಗ್ರೀನ್ ಟೀ ಸಾರದ ಮಾತ್ರೆಗಳದ್ದು ಇನ್ನೊಂದು ಚಿಂತೆ. ಅಂಥ ಮಾತ್ರೆಗಳಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಹೊಟ್ಟೆ ಸೇರಿದರೆ ಲಿವರ್‌ಗೆ ತೊಂದರೆಯಾಗಬಹುದು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ. ಕಪ್ಪಿನಲ್ಲಿ ಕುಡಿಯುವವರು ಇದಕ್ಕೆ ಹೆದರಬೇಕಿಲ್ಲ.

ಆದ್ದರಿಂದ ಒಂದು ಕೋರಿಕೆ. ಮುಂದೆ ಗ್ರೀನ್ ಟೀ ಬರಹ ಹಾಕುವಾಗ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಈ ನಾಲ್ಕು ಸಾಲು ಹಾಕಿ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆಯಾದರೂ ಬಿಡುವಿರಲಿ. ಕಬ್ಬಿಣದ ಮಾತ್ರೆಯನ್ನು ನೀರಿನಲ್ಲೇ ನುಂಗಿ. ಬಿಪಿಗೆ ನ್ಯಾಡೊಲಾಲ್ ಅಥವಾ ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಿ. ಗರ್ಭಿಣಿಯರು ಇದರಲ್ಲೂ ಕೆಫೀನ್ ಇದೆ ಎನ್ನುವುದನ್ನು ಮರೆಯಬೇಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು